ಹರವಿ ಕೆಳಗಿನ ಅಂಜೂರ ಕಡ್ಡಿ

ಗೆಳತ್ಯಾರ, ಇವತ್ತ ನಾ ಗೆದ್ದೇನಿ!

ಮಸಗುಪ್ಪಿ ತವರಮನ್ಯಾಗ ನಮ್ಮವ್ವ ಹಚ್ಚಿದ ಅಂಜೂರ ಗಿಡ ಇತ್ತು. ಅವ್ವ ತೀರಿಕೊಂಡ ಮ್ಯಾಲೆ ಅಣ್ಣ ಬಾವಿ ತೋಡಸಾಕ ಅದನ್ನ ಕಡಿಸಿಬಿಟ್ಟ. ನಾ ಹತ್ತು ಕಡ್ಡಿ ಆರಿಸಿಕೊಂಡು, ಹಸಿ ಗೋಣಿ ತಟ್ಟಿನಾಗ ಸುತ್ತಿ, ಗೋಕಾಕ ಫಾಲ್ಸಿನ ಗಂಡನ ಮನಿಗೆ ತಂದೆ. ಇಲ್ಲಿ ಹಿತ್ತಲ ಗ್ವಾಡಿ ಕಟ್ಟೋದು ನಡದಿತ್ತು, ಹಚ್ಚಾಕ ಜಾಗಾನ ಇರಲಿಲ್ಲ. ಅದಕ್ಕ ಅವ್ವ ಮಾಡತಿದ್ದಂಗ, ಕುಡಿಯೋ ನೀರಿನ ಹರವಿ ಕೆಳಗಿನ ಹಸಿ ಉಸುಕಿನಾಗ ಹುಗದಿಟ್ಟೆ.

ಅತ್ತಿ ಎರಡು ಸಲ ಅವನ್ನ ಒಲಿಗೆ ಹಾಕಾಕ ಹೋಗಿದ್ರು. ಇವತ್ತ ಗಿರಣಿ ಭೋಂಗಾ ಕೂಗೂ ಹೊತ್ತಿಗೆ ಅಣ್ಣ ಬಂದ. ಹರವಿ ಕಡೆ ನೋಡಿ ನಕ್ಕ. "ತಿಂಗಳಾತು ತಂಗೀ, ಸತ್ತ ಕಟಗಿಗೆ ಇನ್ನೆಷ್ಟು ದಿನ ನೀರು ಕುಡಸ್ತಿ?"

"ಗ್ವಾಡಿ ಮುಗದೈತಿ. ಈಗ ತಗೀತೇನಿ, ನೀನೂ ನೋಡು ಅಣ್ಣಾ" ಅಂದೆ.

ಉಸುಕು ಸರಿಸಿದೆ. ಎರಡು ಕಡ್ಡಿ ಕೊಳತಿದ್ದವು. ಉಳದ ಎಂಟಕ್ಕೂ ಕೊಯ್ದ ತುದಿಗೆ ಜ್ವಾಳದ ಅರಳಿನಂಗ ಬೆಳ್ಳನ ಗಂಟು ಕಟ್ಟಿತ್ತು. ಬೇರು ಒಡಿಯೂ ಗುರುತು ಅದು!

ಅತ್ತಿ ಮುಟ್ಟಿ ನೋಡಿ, "ನಮ್ಮ ಸೊಸಿ ಶಾಣ್ಯಾಕಿ" ಅಂದ್ರು. ಖರೇನ ಅಂದ್ರು, ಅಣ್ಣನ ಮುಂದ!

ಅಣ್ಣ ಒಂದು ಕಡ್ಡಿ ಎತ್ತಿ ಆ ಗಂಟು ತಿರುವಿ ತಿರುವಿ ನೋಡಿದ. ಆಮ್ಯಾಲೆ ಮೆಲ್ಲಕ, "ನನಗೂ ಎರಡು ಕೊಡ್ತೀಯೇನವಾ? ಎಷ್ಟು ಆಳಕ್ಕ ಹಚ್ಚಬೇಕು?" ಅಂತ ಕೇಳಿದ.

ಇಪ್ಪತ್ತು ವರ್ಷ ಒಕ್ಕಲುತನ ಮಾಡಿದವ ನನ್ನ ಕೇಳಾಕತ್ತಿದ್ದ.

"ಹೇಳ್ತೇನಿ, ಮೊದಲ ಚಾ ಕುಡಿ" ಅಂದೆ. ಅಣ್ಣ ಒಂದೀಟ ಕಾಯಲಿ ಅಂತ ಇವತ್ತ ಚಾ ಕುದಿಸಾಕ ಭಾಳ ಹೊತ್ತು ತಗೊಂಡೆ.