ಕೊಂಡಿಯ ಕೆಳಗಿನ ನಾಲ್ಕು ಬೆರಳು

ಬೆಳಗಿನ ಆರು ಗಂಟೆ. ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ತಗಡಿನ ಶೆಡ್ಡಿನ ಮುಂದೆ ಹಳೆಯ ಬಿಳಿ ವ್ಯಾನೊಂದು ನಿಂತಿದೆ. ಅದರ ಬೆನ್ನಿಗೆ ತಗಡು ಹೊದ್ದ ಎರಡು ಗಾಲಿಯ ಬಂಡಿ. ವ್ಯಾನಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ; ಒಂದರ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ. ಅವು ದುಂಡಪ್ಪನವರ ಕಾಲು. ಮುಖ ನೋಡಬೇಕೆನ್ನುವವರು ಸ್ವಲ್ಪ ಕಾಯಬೇಕು. ಐವತ್ತಾರರ ಈ ವೆಲ್ಡರ್ ದಿನದ ಅರ್ಧ ಹೊತ್ತನ್ನು ಹೀಗೆ ಗೋಣಿತಟ್ಟಿನ ಮೇಲೆ ಅಂಗಾತ ಮಲಗಿಯೇ ಕಳೆಯುತ್ತಾರೆ. ಬದಿಗೆ ಬಗ್ಗಿ ಬ್ಯಾಟರಿ ಹಿಡಿದವರು ಹೆಂಡತಿ ಸುಂದ್ರವ್ವ. ಒಳಗಿನಿಂದ ಚಾಚಿದ ಕೈ, ಬಂಡಿ ಸಿಕ್ಕಿಸುವ ವ್ಯಾನಿನ ಕೊಂಡಿಗೂ ನೆಲಕ್ಕೂ ನಡುವೆ ಗೇಣು ಹಾಕುತ್ತದೆ, ಆಮೇಲೆ ಬೆರಳು ಎಣಿಸುತ್ತದೆ, ಕೊನೆಗೆ ಟೇಪು ಕೇಳುತ್ತದೆ. ಟೇಪು ಸುಮ್ಮನೆ ಸಾಕ್ಷಿಗೆ.

ಇಂಥ ಅಳತೆಗೆ ಅವರದು ಒಂದೇ ನಿಯಮ. ಗಾಡಿ ದಾರಿಯಲ್ಲಿ ಹೇಗೆ ಹೋಗುತ್ತದೋ ಹಾಗೆಯೇ ಶೆಡ್ಡಿಗೆ ಬರಬೇಕು: ಸಾಮಾನು ತುಂಬಿರಬೇಕು, ನೀರಿನ ಡ್ರಮ್ಮು ತುಂಬಿರಬೇಕು, ಕೂರುವವರು ಕೂತಿರಬೇಕು. “ಖಾಲಿ ಗಾಡಿ ಸುಳ್ಳ ಹೇಳತೈತ್ರಿ. ತುಂಬಿದ ಗಾಡಿ ಅಷ್ಟ ಖರೆ ಹೇಳತೈತಿ,” ಎನ್ನುತ್ತಾರೆ. ಹದಿನೈದು ದಿನದ ಹಿಂದೆ ಈ ನಿಯಮವನ್ನು ಅವರೇ ಮುರಿದರು. ಅದಕ್ಕೇ ಈ ವ್ಯಾನು ಇಂದು ಮತ್ತೆ ಬಂದು ನಿಂತಿದೆ.

ವ್ಯಾನು ಶಿದ್ರಾಮನದು. ಹುಕ್ಕೇರಿ ತಾಲೂಕಿನ ನಿಡಸೋಸಿ ಕಡೆಯ ಕುರಿಗಾರ. ಮೂವತ್ತನಾಲ್ಕು ವಯಸ್ಸು, ನೂರಾ ಎಂಬತ್ತು ಕುರಿ. ಮಳೆಗಾಲ ಮುಗಿದರೆ ಮನೆಮಂದಿಯೆಲ್ಲ ಹಿಂಡಿನ ಜೊತೆ ಮೇವು ಹುಡುಕಿಕೊಂಡು ಹೊರಡುತ್ತಾರೆ, ತಿಂಗಳುಗಟ್ಟಲೆ ಊರಿಗೆ ಮರಳುವುದಿಲ್ಲ. ಹಿಂದೆ ಸಂಸಾರವನ್ನು ಕುದುರೆಯ ಬೆನ್ನಿಗೆ ಹೇರುತ್ತಿದ್ದರು. ಈಗ ಕುದುರೆಯ ಜಾಗಕ್ಕೆ ವ್ಯಾನು ಬಂದಿದೆ, ಹೇರಿನ ಜಾಗಕ್ಕೆ ಈ ಬಂಡಿ. ಜೋಳದ ಚೀಲ, ಪಾತ್ರೆ, ಕಂಬಳಿ, ಕುರಿಗಳ ಸುತ್ತ ಕಟ್ಟುವ ಬಲೆ ಎಲ್ಲವೂ ಬಂಡಿಯೊಳಗೆ. ಬಿಡಾರ ಹೂಡಿದಲ್ಲಿ ಶಿದ್ರಾಮನ ತಾಯಿ ಹಣಮವ್ವ ಮಲಗುವುದೂ ಅದರಲ್ಲೇ.

ವ್ಯಾನಿನ ಹಿಂಭಾಗದಲ್ಲಿ ಸೀಟು ಕಿತ್ತು ಹುಲ್ಲು ಹಾಸಿದ್ದಾರೆ. ಅಲ್ಲಿ ಪ್ರಯಾಣ ಮಾಡುವವರು ಆಗತಾನೆ ಹುಟ್ಟಿದ ಕುರಿಮರಿಗಳು, ಮತ್ತು ಮೊಣಕಾಲು ಕೈಕೊಟ್ಟ ಮೇಲೆ ಹಿಂಡಿನ ಹಿಂದೆ ನಡೆಯಲಾಗದ ಹಣಮವ್ವ. ತಾಯಿಕುರಿಗಳು ನಡೆದು ಬರುತ್ತವೆ. ವ್ಯಾನು ಮುಂದೆ ಹೋಗಿ ಕಾಯುತ್ತದೆ. ಎರಡು ತಾಸಿಗೊಮ್ಮೆ ಹಿಂಬಾಗಿಲು ತೆರೆದು ಮರಿಗಳನ್ನು ಬಿಟ್ಟರೆ ಒಂದೊಂದೂ ತನ್ನ ತಾಯಿಯನ್ನು ಹುಡುಕಿಕೊಂಡು ಓಡಿ ಕೆಚ್ಚಲಿಗೆ ಬೀಳುತ್ತದೆ. ಆ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಎಳೆ ಮರಿ ಉಳಿಯುವುದಿಲ್ಲ. ತೊಡಕು ಬಂದದ್ದೂ ಅಲ್ಲೇ. ವ್ಯಾನಿನ ಹಿಂಬಾಗಿಲು ಮೇಲಕ್ಕೆ ಏಳುವಂಥದ್ದು. ಬಂಡಿ ಕಟ್ಟಿದ್ದರೆ ಬಾಗಿಲು ಅರ್ಧಕ್ಕೆ ಅದರ ಹಣೆಗೆ ಬಡಿದು ನಿಲ್ಲುತ್ತಿತ್ತು. “ದಿನಾ ಆರ ಸಲ ಬಿಚ್ಚೂದು, ಆರ ಸಲ ಕಟ್ಟೂದು. ಕುರಿ ಕಾಯೂದಕ್ಕಿಂತ ಬಂಡಿ ಕಾಯೂದ ಹೆಚ್ಚಾಗಿತ್ರಿ,” ಎನ್ನುತ್ತಾನೆ ಶಿದ್ರಾಮ.

ದಾರಿಯಲ್ಲಿ ಯಾವುದೋ ಊರಿನ ಯಾರೋ ಒಬ್ಬರು ವ್ಯಾನಿನ ಕೊಂಡಿಗೆ ಒಂದೂವರೆ ಅಡಿ ಪೈಪು ಬೆಸೆದು ಬಂಡಿಯನ್ನು ದೂರ ಸರಿಸಿಕೊಟ್ಟರು. ಬಾಗಿಲೇನೋ ತೆರೆಯಿತು, ಆದರೆ ವ್ಯಾನಿನ ಹಿಂಭಾಗ ಕುಕ್ಕರುಗಾಲಲ್ಲಿ ಕೂತುಬಿಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಜೋಡಿ. ಹದಿನೈದು ದಿನದ ಹಿಂದೆ ಶೆಡ್ಡಿಗೆ ಬಂದಾಗ ಅದನ್ನು ಕಂಡು ದುಂಡಪ್ಪ ನಕ್ಕರಂತೆ. ಪೈಪು ಕತ್ತರಿಸಿ ಎಸೆದು, ಬಂಡಿಯಿಂದ ಕೊಂಡಿಯವರೆಗೆ ಚಾಚುವ ಕಬ್ಬಿಣದ ದಂಡವನ್ನೇ, ಅಂದರೆ ಮೂಕಿಯನ್ನೇ, ಅಷ್ಟು ಉದ್ದ ಮಾಡಿದರು. ಆಗ ಬಂಡಿಯ ಭಾರ ಕೊಂಡಿಯ ಮೇಲೆ ಕಡಿಮೆ ಕೂರುತ್ತದೆ. “ಎತ್ತಿನ ಹಿಂಗಾಲಿಗೆ ಬಂಡಿ ಬಡಿಯಾಕತ್ತಿತಂದ್ರ ಮೂಕಿ ಉದ್ದ ಮಾಡತೀವಿ. ಎತ್ತಿನ ಬಾಲ ಯಾರರೆ ಉದ್ದ ಮಾಡತಾರೇನ್ರಿ?” ಎಂದು ಅವರು ಕೇಳುವಾಗ ಲೆಕ್ಕವೆಲ್ಲ ಎಷ್ಟು ಸರಳ ಎನಿಸುತ್ತದೆ.

ಸರಳವೇನಲ್ಲ. ಕೌಜಲಗಿಯ ಒಕ್ಕಲು ಮನೆಯ ದುಂಡಪ್ಪ ಏಳನೆಯ ತರಗತಿಗೆ ಸಾಲಿ ಬಿಟ್ಟು ತಂದೆಯ ಚಕ್ಕಡಿ ಹೊಡೆದವರು. ಮುಂದೆ ಭಾರವಾದರೆ ಎತ್ತಿನ ಕೊರಳಿಗೆ, ಹಿಂದೆ ಭಾರವಾದರೆ ನೊಗವೇ ಮೇಲೇಳುತ್ತದೆ ಎಂಬ ಪಾಠ ಅಲ್ಲಿಯದು. ಆಮೇಲೆ ಹದಿನೆಂಟು ಹಂಗಾಮು ಕಬ್ಬಿನ ಟ್ರ್ಯಾಕ್ಟರ್ ಓಡಿಸಿದರು, ಹಿಂದೆ ಎರಡೆರಡು ಟ್ರೇಲರ್. ಒಂದು ಮುಂಜಾನೆ ಇಳುಕಲಿನಲ್ಲಿ ಪಿನ್ನು ಕಳಚಿ, ಹಿಂದಿನ ಟ್ರೇಲರ್ ತನ್ನ ಪಾಡಿಗೆ ತಾನು ಯಾರದೋ ಗೋವಿನಜೋಳದ ಹೊಲ ಹೊಕ್ಕಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮುಂಜಾನೆ ಆ ಹೊಲದಲ್ಲಿ ಯಾರಾದರೂ ಬಗ್ಗಿ ಕಳೆ ತೆಗೆಯುತ್ತಿದ್ದರೆ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಸ್ಟೇರಿಂಗ್ ಬಿಟ್ಟರು. ಗೋಕಾಕದ ಒಂದು ಅಂಗಡಿಯಲ್ಲಿ ಆರು ವರ್ಷ ವೆಲ್ಡಿಂಗ್ ಕಲಿತರು. ಸ್ವಂತ ಶೆಡ್ಡಿಗೆ ಈಗ ಹನ್ನೊಂದು ವರ್ಷ.

ಶೆಡ್ಡಿಗೆ ಬೋರ್ಡಿಲ್ಲ. ಕೊಂಡಿಗೆ ಇಲ್ಲಿ ಹುಕ್ಕು ಎನ್ನುತ್ತಾರೆ; ‘ಹುಕ್ಕಿನ ದುಂಡಪ್ಪ’ ಎಂದರೆ ಸಾಕು, ಬಸ್ಸಿನ ಕಂಡಕ್ಟರ್ ಕೂಡ ಇಳಿಸುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ಎಂಟೊಂಬತ್ತು ಟ್ರೇಲರ್ ಬರುತ್ತವೆ; ಉಳಿದ ದಿನಗಳಲ್ಲಿ ಎರಡೋ ಮೂರೋ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕಿಡಿ ಹಾರಿದ ಚುಕ್ಕೆಗಳು. ಸಂಜೆಗೆ ಕಣ್ಣು ಉರಿಯುತ್ತವೆ, ಸುಂದ್ರವ್ವ ಒದ್ದೆ ಬಟ್ಟೆ ಹಾಕಿ ಬೈಯುತ್ತಾರೆ. ಹಳೇ ಗಿರಾಕಿಗಳ ಹೆಸರು ಕೇಳಿದರೆ ದುಂಡಪ್ಪನವರಿಗೆ ನೆನಪಾಗುವುದು ಕೆಲಸ ಕೆಟ್ಟವರದು ಮಾತ್ರ. “ಕೆಲಸ ಚಲೋ ಆಗಿದ್ರ ಅವ್ರು ತಿರುಗಿ ಬರೂದಿಲ್ಲರಿ. ಬರಲೂಬಾರದು. ಹಂಪ್ ದಾಟಿದಾಗ ಒಳಗ ಕುಂತವರಿಗೆ ನನ್ನ ನೆನಪ ಆಗಬಾರದು. ನೆನಪ ಆತು ಅಂದ್ರ ಎಲ್ಲೋ ತಿಕ್ಕೇತಿ ಅಂತ ಅರ್ಥ.”

ಹದಿನೈದು ದಿನದ ಹಿಂದೆ ಶಿದ್ರಾಮನ ಮನೆಯವರಿಗೆ ದುಂಡಪ್ಪ ಚೆನ್ನಾಗಿಯೇ ನೆನಪಾದರು. ಅಂದು ಅಳತೆಗೆ ಅವರು ವ್ಯಾನಿನ ಕೆಳಗೆ ಇಳಿಯುತ್ತಲೇ ಹಣಮವ್ವ ಮೇಲಿನಿಂದ ಇಳಿದುಬಿಟ್ಟಿದ್ದರು. ದುಡಿಯುವ ಮನುಷ್ಯ ನೆಲದಲ್ಲಿ ಮಲಗಿರುವಾಗ ಅವನ ತಲೆಯ ಮೇಲೆ ಕಾಲಿಟ್ಟು ಕೂರುವುದು ಅವರ ಪಾಲಿಗೆ ಆಗದ ಮಾತು. ಅತ್ತೆ ಇಳಿದ ಮೇಲೆ ಸೊಸೆ ಮರಿಗಳನ್ನೂ ಇಳಿಸಿದಳು. ಮರಿ ಮೇಲಿದ್ದು ಉಚ್ಚೆ ಹೊಯ್ದರೆ ಕೆಳಗಿದ್ದವರ ಗತಿ ಏನು? ಬಂಡಿಯ ಡ್ರಮ್ಮೂ ಚೀಲವೂ ಭಾರವಾದೀತೆಂದು ಶಿದ್ರಾಮ ಅವನ್ನೂ ಕೆಳಗಿಟ್ಟ. ಎಲ್ಲರೂ ಮರ್ಯಾದೆ ಮಾಡಿದರು, ಗಾಡಿ ಖಾಲಿಯಾಯಿತು. ಹಿರಿಯ ಹೆಣ್ಣುಮಗಳನ್ನು ‘ನನ್ನ ಮೇಲೆ ಬಂದು ಕೂರು’ ಎಂದು ಕರೆಯಲು ದುಂಡಪ್ಪನವರಿಗೂ ನಾಚಿಕೆ. “ಒಂದ ಬೆರಳ ಫರಕ ಬರತೈತಿ ಅಂದಕೊಂಡ್ನಿ. ಅಂದಾಜು ತಪ್ಪಿತು. ತಪ್ಪ ನಂದ ಐತ್ರಿ, ಅವರದಲ್ಲ.”

ತುಂಬಿದ ವ್ಯಾನು ಒಂದಲ್ಲ, ನಾಲ್ಕು ಬೆರಳು ಕುಸಿಯಿತು. ಐದಾರು ಮೈಲಿ ಆಚೆಯ ಮೊದಲ ಹಂಪಿನಲ್ಲೇ ಕೊಂಡಿ ಡಾಂಬರಿಗೆ ಬಡಿಯಿತು. ಬಂಡಿ ಬಿಚ್ಚಿಟ್ಟಾಗ ಆನಿಸಲು ಮೂಕಿಗೆ ಒಂದು ಕಬ್ಬಿಣದ ಕಾಲಿತ್ತು, ಅದೂ ನೆಲಕ್ಕೆ ಒತ್ತಿ, ಅದರ ಮೇಲಿನ ಹಿಡಿ ಎದ್ದು ಹಿಂಬಾಗಿಲಿಗೆ ಸಿಕ್ಕಿಕೊಂಡಿತು. ಬಾಗಿಲು ಮಿಸುಕಲಿಲ್ಲ. ಒಳಗೆ ಹಣಮವ್ವ ಮತ್ತು ಹದಿನಾಲ್ಕು ಮರಿ, ಹೊರಗೆ ಮಧ್ಯಾಹ್ನದ ಬಿಸಿಲು. ಮುಂದಿನ ಸೀಟಿನ ಮೇಲಿಂದ ಒಂದೊಂದೇ ಮರಿಯನ್ನು ಎತ್ತಿ ಹೊರತೆಗೆಯುವಷ್ಟರಲ್ಲಿ ಮುಕ್ಕಾಲು ತಾಸು ಹಿಡಿಯಿತು. ಎಲ್ಲವೂ ಬದುಕಿದವು. ಕಟ್ಟಕಡೆಗೆ ಹೊರಬಂದ ಕರಿ ಕಿವಿಯ ಮರಿ ಮಾತ್ರ ನಿತ್ರಾಣವಾಗಿ ಎದ್ದು ನಿಲ್ಲಲೇ ಇಲ್ಲ. ಅದು ಮರುದಿನ ಎದ್ದು ತಾಯಿಯ ಬಳಿ ಹೋದಾಗ ತಾಯಿ ಮೂಸಿ ನೋಡಿ, ವಾಸನೆಯ ಗುರುತು ಸಿಗದೆ ಒದ್ದಿತು. ಅಂದಿನಿಂದ ಹಣಮವ್ವನೇ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಾರೆ.

ಈಗ ಹಿಂಡು ಶೆಡ್ಡಿನ ಹಿಂದಿನ ಬೀಳು ಹೊಲದಲ್ಲಿ ನಿಂತಿದೆ. ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳಲು ಕೌಜಲಗಿಯ ಒಬ್ಬ ರೈತ ನಾಳೆ ಸಂಜೆಯವರೆಗೆ ಕಾಯುತ್ತೇನೆ ಎಂದಿದ್ದಾನೆ. ಹಿಂಡು ಹತ್ತು ಗಂಟೆಗೆ ಹೊರಡಲೇಬೇಕು. ಅಷ್ಟರೊಳಗೆ ಅಳತೆ ಸರಿಯಾಗಬೇಕು, ಅಳತೆ ಸರಿಯಾಗಲು ಹಣಮವ್ವ ಮೇಲೆ ಕೂರಬೇಕು. ಮುದುಕಿ ಒಪ್ಪುತ್ತಿಲ್ಲ. ಮಗ ಹೇಳಿದ, ಸೊಸೆ ಹೇಳಿದಳು, ಸುಂದ್ರವ್ವ ಚಹಾ ಕೊಟ್ಟು ಹೇಳಿದರು. ಬೇಕಾದರೆ ತನ್ನ ತೂಕದ ಜೋಳದ ಚೀಲ ಇಟ್ಟುಕೊಳ್ಳಿ ಎನ್ನುತ್ತಾರೆ ಆಕೆ. ಆಕೆಯ ತೂಕ ಎಷ್ಟೆಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ.

ಕೊನೆಗೆ ದುಂಡಪ್ಪ ಮಲಗಿದಲ್ಲಿಂದ ಮುಖ ಮಾತ್ರ ಹೊರಗೆ ತರುತ್ತಾರೆ. ಎಣ್ಣೆ ಮೆತ್ತಿದ ಹಣೆ, ನರೆತ ಮೀಸೆ. “ಯವ್ವಾ, ಮ್ಯಾಲ ಕುಂತ್ರ ಪಾಪ ಅಂತಿ. ನೀ ಕುಂದ್ರಲಿಲ್ಲ ಅಂದ್ರ ನನ್ನ ಅಳತಿ ಮತ್ತ ತಪ್ಪತೈತಿ. ಆ ಕರಿ ಕಿವಿ ಮರೀದು ಯಾರ ಪಾಪ?”

ಹಣಮವ್ವ ಬಗ್ಗಿ, ದುಂಡಪ್ಪನವರ ಕಾಲಿನ ಬಳಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೊಸೆಯ ಭುಜ ಹಿಡಿದು ವ್ಯಾನು ಹತ್ತುತ್ತಾರೆ. ಕಾಲು ಕೆಳಗೆ ಬಿಡದೆ ಚಕ್ಕಳಮಕ್ಕಳ ಹಾಕಿ, ಕರಿ ಕಿವಿಯ ಮರಿಯನ್ನು ಮಡಿಲಿಗೆ ಎಳೆದುಕೊಂಡು ಕೂರುತ್ತಾರೆ. ಉಳಿದ ಹದಿಮೂರು ಮರಿ ಒಳಗೆ ಹೋಗುತ್ತವೆ. ವ್ಯಾನು ನಿಧಾನವಾಗಿ ಕುಸಿಯುತ್ತದೆ. ಕೆಳಗಿನಿಂದ ದುಂಡಪ್ಪ ಬೆರಳು ಎಣಿಸುತ್ತಾರೆ: ಒಂದು, ಎರಡು, ಮೂರು, ನಾಲ್ಕು. ಅಲ್ಲಿ ಸೀಮೆಸುಣ್ಣದ ಗೆರೆ ಬೀಳುತ್ತದೆ. “ಈಗ ಖರೆ ಹೇಳಿತು ನೋಡ್ರಿ ಗಾಡಿ.”

ಆಮೇಲಿನದು ಕೈಗೆ ಗೊತ್ತಿರುವ ಕೆಲಸ. ಎಲ್ಲರನ್ನೂ ಇಳಿಸಿ, ಕೊಂಡಿಯ ತಟ್ಟೆಯನ್ನು ಬಿಚ್ಚಿ ನಾಲ್ಕು ಬೆರಳು ಮೇಲೆ ಕೂಡಿಸುತ್ತಾರೆ. ಕಬ್ಬಿಣದ ಕಾಲನ್ನು ಮೂಕಿಯಿಂದ ಕಿತ್ತು ಬಂಡಿಯ ಬದಿಗೆ ಒಯ್ಯುತ್ತಾರೆ, ಅದರ ಹಿಡಿ ಇನ್ನು ಕಳಚಿ ಇಡುವಂಥದ್ದು. ಬಂಡಿಯ ಮೂತಿಯಲ್ಲಿದ್ದ ನೀರಿನ ಡ್ರಮ್ಮನ್ನು ಗಾಲಿಗಳ ನೇರಕ್ಕಿಂತ ಒಂದೇ ಒಂದು ಗೇಣು ಮುಂದೆ ಇಡಿಸುತ್ತಾರೆ. ಇನ್ನೂ ಹಿಂದಕ್ಕೆ ಬೇಡವೇ ಎಂದರೆ, ಹಿಂಭಾರವಾದ ಬಂಡಿ ಓಟದಲ್ಲಿ ಬಾಲ ಅಲ್ಲಾಡಿಸುತ್ತದೆ ಎಂದು ತಲೆಯಾಡಿಸುತ್ತಾರೆ. ಚಲಿಸುವಾಗ ಬಂಡಿಯೊಳಗೆ ಯಾರೂ ಕೂರಬಾರದೆಂದು ಎರಡು ಸಲ ಹೇಳುತ್ತಾರೆ.

ಒಂಬತ್ತೂವರೆಗೆ ಪರೀಕ್ಷೆ. ತುಂಬಿದ ವ್ಯಾನು ಶೆಡ್ಡಿನ ಮುಂದೆ ಪೂರ್ತಿ ತಿರುಗುತ್ತದೆ. ವ್ಯಾನಿನ ಮೂಲೆಗೂ ಬಂಡಿಯ ಮೂಲೆಗೂ ನಡುವೆ ಸುಂದ್ರವ್ವ ಅಂಗೈ ಇಟ್ಟು ತೋರಿಸುತ್ತಾರೆ, ಜಾಗವಿದೆ. ಬಂಡಿ ಕಟ್ಟಿದಂತೆಯೇ ಹಿಂಬಾಗಿಲು ಪೂರ್ತಿ ಏಳುತ್ತದೆ. ಕೊನೆಗೆ, ಅಂದು ಹೋದ ದಿಕ್ಕಿಗೆ ಎದುರು ಕಡೆ ಇರುವ ರಸ್ತೆಯ ಹಂಪು. ದುಂಡಪ್ಪ ನೋಡುವುದೇ ಇಲ್ಲ. ರಸ್ತೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಕಿವಿಗೊಟ್ಟು ನಿಲ್ಲುತ್ತಾರೆ. ಮುಂದಿನ ಗಾಲಿ ಏರಿ ಇಳಿಯುತ್ತದೆ, ಹಿಂದಿನದು, ಆಮೇಲೆ ಬಂಡಿಯದು. ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂಡು ಹೊರಡುತ್ತದೆ. ಎಲ್ಲಾದರೂ ತಿಕ್ಕಿದರೆ ಫೋನು ಮಾಡಿ, ಇಲ್ಲದಿದ್ದರೆ ಬೇಡ ಎಂದು ಅವರು ಶಿದ್ರಾಮನಿಗೆ ಹೇಳಿ ಕಳಿಸುತ್ತಾರೆ.

ಆ ದಿನ ಫೋನು ಬರುವುದಿಲ್ಲ. ಮರುದಿನ ಮಧ್ಯಾಹ್ನದವರೆಗೂ ಇಲ್ಲ. ವೆಲ್ಡಿಂಗಿನ ಸದ್ದಿನಲ್ಲಿ ಕೇಳದೇ ಹೋದೀತೆಂದು ದುಂಡಪ್ಪ ಫೋನನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದಾರೆ. ಸಂಜೆ ಐದರ ಹೊತ್ತಿಗೆ ಅದು ಬಡಿದುಕೊಳ್ಳುತ್ತದೆ. ಶಿದ್ರಾಮನ ನಂಬರು. ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಡಲೂ ಮರೆತು, ಎಲ್ಲಿ ತಿಕ್ಕಿತು ಎಂದು ಅವರು ಕೇಳಿಬಿಡುತ್ತಾರೆ.

ಆ ಕಡೆಯಿಂದ ಬಂದದ್ದು ಹಣಮವ್ವನ ದನಿ. ಕೌಜಲಗಿ ಮುಟ್ಟಿದೆವು, ಬಾಗಿಲು ಹನ್ನೊಂದು ಸಲ ತೆರೆಯಿತು, ಕರಿ ಕಿವಿಯ ಮರಿ ಇಂದು ಬೇರೊಂದು ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು, ಅದು ಒದೆಯಲಿಲ್ಲ ಎಂದೆಲ್ಲ ಹೇಳಿ, ಇಡುವ ಮುನ್ನ ಆಕೆ ಒಂದು ಮಾತು ಸೇರಿಸುತ್ತಾರೆ.

“ತಮ್ಮಾ, ದಾರಿಯೊಳಗ ನಿನ್ನ ನೆನಪ ಆಗಲಿಲ್ಲ ನೋಡು.”

ದುಂಡಪ್ಪ ಫೋನು ಕಿಸೆಗೆ ಹಾಕಿ, ಕಣ್ಣಿಗೆ ಕಿಡಿ ಹಾರಿತೆಂದು ಸುಂದ್ರವ್ವನಿಗೆ ಸುಳ್ಳು ಹೇಳಿ, ಮುಂದಿನ ಟ್ರೇಲರಿನ ಕೆಳಗೆ ಸರಿಯುತ್ತಾರೆ.