ಯಾರ ಕಿಸೆಯಿಂದ?

ಅಮೆರಿಕದ ಫಾಸ್ಟರ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಅಂಕಲ್‌ಗೆ ಆಗಿನ ಅಧ್ಯಕ್ಷರ ಒಂದು ನೀತಿಯೂ ಹಿಡಿಸುತ್ತಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಅಧ್ಯಕ್ಷರು ದೇಶವನ್ನುದ್ದೇಶಿಸಿ ಭಾಷಣ ಮಾಡುವ ಸಂಜೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟಿವಿ ಮುಂದೆ ಕೂರುತ್ತಿದ್ದರು. ಅಧ್ಯಕ್ಷರು ಸಭೆಯೊಳಗೆ ಬಂದೊಡನೆ ಇವರು ತಮ್ಮ ಮನೆಯಲ್ಲೇ ಎದ್ದು ನಿಲ್ಲುತ್ತಿದ್ದರು. ಆಂಟಿಯ ಗೋಳಿಬಜೆಯ ಆಸೆಗೆ ಹೋದ ನಾನೂ ತಟ್ಟೆ ಹಿಡಿದುಕೊಂಡೇ ಏಳಬೇಕಿತ್ತು.

ಕೂತ ಮೇಲೆ ದಯೆ ದಾಕ್ಷಿಣ್ಯ ಇಲ್ಲ. ಶಾಲೆಗೆ ಇಷ್ಟು, ರಸ್ತೆಗೆ ಇಷ್ಟು ಎಂದು ಅಧ್ಯಕ್ಷರು ಘೋಷಿಸಿದಾಗಲೆಲ್ಲ ತೋರುಬೆರಳೆತ್ತಿ, "ಯಾರ ಕಿಸೆಯಿಂದ ಮಾರಾಯಾ?" ಎಂದು ಟಿವಿಯನ್ನೇ ಕೇಳುತ್ತಿದ್ದರು. ನಮ್ಮ ಕಂಪನಿಯ ಶೇರಿನ ಬೆಲೆ ದಿನದಿನಕ್ಕೂ ಏರುತ್ತಿದ್ದ ಕಾಲ ಅದು. ಸರ್ಕಾರದ ಖರ್ಚಿನ ಚಿಂತೆ ನನಗೆಲ್ಲಿತ್ತು?

ಮಂಡಿಯ ಆಪರೇಷನ್ ಆದ ವರ್ಷವೂ ಅವರು ಕುರ್ಚಿಯ ಕೈ ಹಿಡಿದು, ಹಲ್ಲು ಕಚ್ಚಿ ಎದ್ದರು. ಆ ಸಲ ಅಧ್ಯಕ್ಷರು, ವಯಸ್ಸಾದವರ ಔಷಧಿಯ ಖರ್ಚಿಗೆ ಸರ್ಕಾರವೇ ನೆರವಾಗಬೇಕು ಎಂದರು. ಆಂಟಿ ಚಪ್ಪಾಳೆ ತಟ್ಟಿದರು. ಅಂಕಲ್ ಬೆರಳು ಮೇಲೆದ್ದಿತು.

"ಯಾರ ಕಿಸೆಯಿಂದ?"

"ನಿಮ್ಮ ಮಾತ್ರೆಗೇ ಅಲ್ವಾ ಅವರು ಕೊಡ್ತೇನೆ ಅನ್ನುದು!" ಎಂದರು ಆಂಟಿ.

"ಅದಕ್ಕೇ ಕೇಳುದು. ನನಗೆ ಸಿಗುವಾಗ ಸುಮ್ಮನೆ ಕೂತರೆ, ಇಷ್ಟು ವರ್ಷ ಕೇಳಿದ್ದೆಲ್ಲ ಬರೀ ಹೊಟ್ಟೆಕಿಚ್ಚು ಅಂತ ಆಗ್ತದೆ."

ಬಾಯಲ್ಲಿದ್ದ ಬಜೆ ಜಗಿಯುವುದೇ ನನಗೆ ಮರೆತುಹೋಯಿತು.

ಭಾಷಣ ಮುಗಿದು ಅಧ್ಯಕ್ಷರು ಹೊರಟರು. ಅಂಕಲ್ ಏಳಲು ಮತ್ತೆ ಕುರ್ಚಿಯ ಕೈ ಹಿಡಿದರು. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ನನ್ನ ಮುಖ ಮಾತ್ರ ಟಿವಿಯ ಕಡೆಗಲ್ಲ, ಅಂಕಲ್ ಕಡೆಗಿತ್ತು.