ಜೋಡಿಯಿಲ್ಲದ ಸೀಟು

ಬಸ್ಸು ಹೊರಡುವ ಮೊದಲು ನಮ್ಮ ಪ್ರವಾಸದ ಗೈಡ್ ತಲೆ ಎಣಿಸುತ್ತಿರಲಿಲ್ಲ. ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ನಡೆಯುತ್ತ, ಒಬ್ಬೊಬ್ಬರ ಮುಖವನ್ನೂ ನೋಡಿ, "ನಿಮ್ಮ ಜೋಡಿ ಬಂದ್ರಾ? ನಿಮ್ಮ ಜೋಡಿ?" ಎಂದು ಕೇಳುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂತವರೇ ಜೋಡಿ. ಗಂಡ ಹೆಂಡತಿಯಾಗಿರಲಿ, ಜನ್ಮದಲ್ಲಿ ಮುಖ ನೋಡದವರಾಗಿರಲಿ, ಪ್ರವಾಸ ಮುಗಿಯುವವರೆಗೆ ಒಬ್ಬರಿಗೆ ಒಬ್ಬರು ಜವಾಬ್ದಾರಿ. ಹೀಗೆ ಕೇಳಿ ಕೇಳಿ ಅವನಿಗೇ ಜೋಡಿ ಎಂಬ ಹೆಸರು ಅಂಟಿಕೊಂಡಿತ್ತು. ಟ್ರಾವೆಲ್ಸ್ ಆಫೀಸಿಗೆ ಫೋನ್ ಮಾಡುವವರು "ಈ ಸಲ ಜೋಡಿ ಬರ್ತಾರಾ?" ಎಂದು ಕೇಳಿಯೇ ಸೀಟು ಹಿಡಿಯುತ್ತಿದ್ದರು.

ನಾನು ನಿವೃತ್ತಿಯವರೆಗೂ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು. ಈ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲೂ ಆ ಸಲ ನನಗೆ ಗಂಟುಬಿದ್ದ ಜೋಡಿ ಎಂಥವಳು! ಮಲಗಿದರೆ ಗೊರಕೆ, ಎದ್ದರೆ ಸೊಸೆಯ ಪುರಾಣ. "ಎಲ್ಲರ ಹಾಗೆ ತಲೆ ಎಣಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಕೇಳಿಯೇಬಿಟ್ಟೆ.

"ತಲೆ ಎಣಿಸಿದ್ರೆ ತಪ್ಪುತ್ತೆ ಮೇಡಂ," ಎಂದ. "ಎಣಿಸ್ತಿರುವಾಗಲೇ ಒಬ್ಬರು ಎದ್ದು ಬ್ಯಾಗ್ ತೆಗೀತಾರೆ, ಇನ್ನೊಬ್ಬರು ಬಗ್ಗಿ ಚಪ್ಪಲಿ ಹುಡುಕ್ತಾರೆ. ಜೋಡಿ ಹಾಗಲ್ಲ. ಪಕ್ಕದ ಸೀಟು ಖಾಲಿ ಇದ್ರೆ ನೀವೇ ಕೂಗ್ಕೊಳ್ತೀರಿ."

"ಇವರು ಬರದಿದ್ರೆ ನಾನು ಕೂಗಲ್ಲ. ಹಾಯಾಗಿ ಕಾಲು ಚಾಚ್ತೀನಿ."

ನಕ್ಕುಬಿಟ್ಟ. ನಗಲು ಅವನಿಗೆ ಹಕ್ಕಿತ್ತು. ಅಷ್ಟು ವರ್ಷ ಬೆಟ್ಟ, ಕಾಡು, ಹಳೆಯ ಗುಡಿಗಳಿಗೆ ಜನರನ್ನು ಕರೆದುಕೊಂಡು ಹೋದವನು, ಒಬ್ಬರನ್ನೂ ಎಲ್ಲೂ ಬಿಟ್ಟು ಬಂದಿರಲಿಲ್ಲ.

ಅವನ ಜೊತೆ ನಾನು ಹಲವು ಸಲ ಹೋಗಿದ್ದೇನೆ. ನಾವೆಲ್ಲ ಶಿಖರದ ತುದಿಯಲ್ಲಿ ಫೋಟೊ ತೆಗೆಸಿಕೊಳ್ಳುವಾಗ ಅವನು ಕೆಳಗೆ ಯಾರದೋ ಕಿತ್ತ ಚಪ್ಪಲಿಗೆ ದಾರ ಕಟ್ಟುತ್ತಿರುತ್ತಿದ್ದ. ನಾವು ಜೀಪಿನಲ್ಲಿ ಕಾಡು ಸುತ್ತಿ ಜಿಂಕೆ ನೋಡಿದೆವು, ಕಾಡೆಮ್ಮೆ ನೋಡಿದೆವು ಎಂದು ಕುಣಿಯುತ್ತ ಬಂದರೆ, ಅವನು ಊಟಕ್ಕೆ ಎಲ್ಲರಿಗೂ ಜಾಗ ಹಿಡಿದು ಕಾದಿರುತ್ತಿದ್ದ. ದೇವರ ಮುಂದೆ ನಿಂತು ಕಣ್ಣು ಮುಚ್ಚಿದ್ದನ್ನು ನಾನಂತೂ ಕಾಣೆ. ಕಣ್ಣು ಮುಚ್ಚಿದರೆ ಯಾರಾದರೂ ತಪ್ಪಿಸಿಕೊಂಡಾರು ಎಂಬ ಭಯ.

ಒಮ್ಮೆ ಬಸ್ಸಿನಲ್ಲಿ ಮರೆತ ಕನ್ನಡಕ ತರಲು ಅವನ ಮನೆಗೆ ಹೋಗಿದ್ದೆ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲೆ ಎರಡು ಕೋಣೆ. ಒಳಕೋಣೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಹೆಂಡತಿ ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದಳು. ಹೊರಕೋಣೆಯಲ್ಲಿ ತಾಯಿಯ ಮಂಚ. ಬಾಗಿಲು ಪೂರ್ತಿ ತೆರೆಯಬೇಕಾದರೆ ಮಂಚವನ್ನೇ ಸರಿಸಬೇಕು. ನಾನು ಒಳಗೆ ಬಂದಾಗ ಆ ಅಜ್ಜಿ ನೆಲದ ಮೇಲೆ ಕೂತಲ್ಲಿಂದಲೇ ಮಂಚದ ಕಾಲು ಹಿಡಿದು ಸರಿಸಲು ನೋಡಿದರು, ತಾನೇ ಅಡ್ಡ ಬಂದವಳ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಊರಲ್ಲಿರೋ ತಾಯಂದಿರನ್ನೆಲ್ಲ ಬೆಟ್ಟ ಹತ್ತಿಸ್ತಾನೆ ನನ್ನ ಮಗ. ನನ್ನ ಸರದಿ ಮಾತ್ರ ಬರ್ತಾ ಇಲ್ಲ," ಎಂದರು.

"ಮುಂದಿನ ಸಲ ಅಮ್ಮಾ," ಎಂದ ಅವನು.

ಕೊನೆಗೆ ಆ ಸರದಿ ಬಂತು. ಸೀಟೆಲ್ಲ ತುಂಬಿದ್ದರಿಂದ ಆಫೀಸಿನ ಮಾಲೀಕರು, ಬೇಕಾದರೆ ಡ್ರೈವರ್ ಪಕ್ಕದ ಉದ್ದ ಸೀಟಿನಲ್ಲಿ ಕೂರಿಸಿಕೋ ಎಂದರಂತೆ. ಕ್ಯಾಬಿನ್ನಿಗೂ ನಮಗೂ ನಡುವೆ ಒಂದು ಗಾಜು. ಅಜ್ಜಿ ಆ ಗಾಜಿನಿಂದ ಆಗಾಗ ತಿರುಗಿ ನಮ್ಮನ್ನೆಲ್ಲ ನೋಡಿ, ಮದುವೆಮನೆಗೆ ಬಂದವರನ್ನು ನೋಡುವ ಹಾಗೆ ನಗುತ್ತಿದ್ದರು. ಬಸ್ಸಿಗೆಲ್ಲ ಜೋಡಿಯಿಲ್ಲದೆ ಕೂತವರು ಅವರೊಬ್ಬರೇ. ಅದು ಯಾರ ತಲೆಗೂ ಹೊಳೆಯಲಿಲ್ಲ. ಲೆಕ್ಕದ ಮೇಡಂ ಎನಿಸಿಕೊಂಡ ನನ್ನ ತಲೆಗೂ ಹೊಳೆಯಲಿಲ್ಲ.

ಎರಡನೆಯ ದಿನ ಹೋದದ್ದು ಕಾಡಿನ ನಡುವಿನ ಬೆಟ್ಟದ ಗುಡಿಗೆ. ಯಾವ ಕಾಲದ್ದೋ ಏನೋ, ಗೋಡೆಯ ತುಂಬ ಕಲ್ಲಿನ ಆನೆಗಳ ಸಾಲು, ಸೊಂಡಿಲೆಲ್ಲ ಸವೆದು ಹೋಗಿವೆ. ಅಲ್ಲಿಗೆ ಹೋಗುವ ದಾರಿ ಪೂರ್ತಿ ಕಾಡಿನೊಳಗೆ. ಕತ್ತಲಾಗುವ ಮುಂಚೆ ಕೆಳಗಿನ ಅರಣ್ಯದ ಗೇಟು ದಾಟಲೇಬೇಕು. ಆಮೇಲೆ ಬೆಳಗಾಗುವವರೆಗೆ ಆ ರಸ್ತೆ ಪ್ರಾಣಿಗಳದ್ದು. ಅಜ್ಜಿ ಮಗನ ತೋಳು ಹಿಡಿದು ಮೆಟ್ಟಿಲು ಹತ್ತಿದರು, ದೇವರ ಮುಂದೆ ಬಹಳ ಹೊತ್ತು ನಿಂತರು. ಹೊರಗೆ ಬಂದಾಗ ಕಾಲು ಸೋತಿತ್ತು. ಅವನು ಅವರನ್ನು ಗುಡಿಯ ಹಿಂದಿನ ಜಗಲಿಯ ಮೇಲೆ, ಬಿಸಿಲು ತಾಗದ ಕಡೆ ಕೂರಿಸಿ, "ಇಲ್ಲೇ ಕೂತಿರಮ್ಮ. ನಾನೇ ಬಂದು ಕರ್ಕೊಂಡು ಹೋಗ್ತೀನಿ," ಎಂದದ್ದನ್ನು ನಾನೇ ಕೇಳಿಸಿಕೊಂಡೆ.

ಅಷ್ಟರಲ್ಲಿ ಒಬ್ಬರ ಜೋಡಿ ಕಾಣೆ. ಕ್ಯಾಮೆರಾ ಹಿಡಿದುಕೊಂಡ ಒಬ್ಬ ಮಹಾಶಯ, ಯಾವುದೋ ಹಕ್ಕಿಯ ಬೆನ್ನು ಹತ್ತಿ ಕಾಡಿನೊಳಗೆ ಹೋಗಿದ್ದ. ಪಕ್ಕದ ಸೀಟಿನವನು ನಿಯಮದ ಪ್ರಕಾರ ಕೂಗಿಕೊಂಡ. ಮೋಡ ಕವಿಯುತ್ತಿತ್ತು, ಡ್ರೈವರ್ ಗೇಟಿನ ಚಿಂತೆಯಲ್ಲಿ ಹಾರ್ನ್ ಹೊಡೆಯುತ್ತಿದ್ದ. ನಮ್ಮ ಗೈಡ್ ಜೋಡಿ ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿ, ಕಾಲು ಉಳುಕಿಸಿಕೊಂಡು ಕೂತಿದ್ದ ಆ ಫೋಟೊದವನನ್ನು ಬೆನ್ನ ಮೇಲೆ ಹೊತ್ತು ತಂದ. ಬಸ್ಸಿನಲ್ಲಿದ್ದ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವನು ಏದುಸಿರಿನಲ್ಲೇ ಒಮ್ಮೆ ಹಿಂದಿನವರೆಗೆ ನಡೆದು, "ನಿಮ್ಮ ಜೋಡಿ? ನಿಮ್ಮ ಜೋಡಿ?" ಎಂದು ಕೇಳಿದ. ಎಲ್ಲರೂ ಇದ್ದೇವೆ ಎಂದೆವು. ಅವನ ಮುಖಕ್ಕೆ ಜೀವ ಬಂತು. ಹಿಂದಿನ ಸೀಟಿನಲ್ಲೇ ಕೂತು, ಫೋಟೊದವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಮುಲಾಮು ತಿಕ್ಕಿದ.

ಗೇಟು ದಾಟಿ ಬಸ್ಸು ನಿಂತಿತು. ನಮ್ಮದೇ ಕೊನೆಯ ಗಾಡಿ. ಹಿಂದೆಯೇ ಕಬ್ಬಿಣದ ಅಡ್ಡಕಂಬಿ ಇಳಿದು ಬೀಗ ಬಿತ್ತು. ಅವನು ಪಕ್ಕದ ಅಂಗಡಿಯಿಂದ ಒಂದು ಲೋಟ ಟೀ ಹಿಡಿದು ಕ್ಯಾಬಿನ್ ಬಾಗಿಲಿಗೆ ಹೋದ.

"ಅಮ್ಮಾ, ತಗೋ. ಬಿಸಿ ಇದೆ, ನೋಡ್ಕೊಂಡು ಹಿಡ್ಕೋ."

ಸೀಟಿನ ಮೇಲೆ ಅವರ ಶಾಲು ಮಾತ್ರ ಇತ್ತು.

"ಅಮ್ಮ ಹಿಂದೆ ನಿಮ್ಮ ಜೊತೆ ಇಲ್ವಾ ಅಣ್ಣ?" ಎಂದ ಡ್ರೈವರ್. "ನೀವು ಹಿಂದೆ ಕೂತ್ರಲ್ಲ, ಅಲ್ಲೇ ಮಲಗಿಸ್ಕೊಂಡಿದ್ದೀರಿ ಅಂದ್ಕೊಂಡೆ."

ಅವನು ಬಸ್ಸು ಹತ್ತಿ ಒಂದೊಂದೇ ಸೀಟು ನೋಡುತ್ತ ಹೋದ. ಸೀಟಿನ ಕೆಳಗೂ ಬಗ್ಗಿ ನೋಡಿದ. ನನ್ನ ಕಾಲ ಹತ್ತಿರ ಬಗ್ಗಿದಾಗ ಅವನ ಕೈಯಲ್ಲಿ ಇನ್ನೂ ಆ ಟೀ ಲೋಟ ಇತ್ತು, ಅರ್ಧ ಅವನ ಕೈಮೇಲೇ ಚೆಲ್ಲಿತ್ತು.

ಗೇಟಿನವನು ಕೆಟ್ಟವನಲ್ಲ. ಆದರೆ ಬೀಗ ತೆಗೆಯಲು ಒಪ್ಪಲಿಲ್ಲ. "ಈ ದಾರಿಲಿ ಆನೆ ಮರಿ ಹಾಕಿದೆ ಸ್ವಾಮಿ. ಮೊನ್ನೆ ನಮ್ಮ ಜೀಪನ್ನೇ ಅಟ್ಟಿಸ್ಕೊಂಡು ಬಂತು. ನಿಮ್ಮನ್ನ ಬಿಟ್ರೆ ಬೆಳಿಗ್ಗೆ ಇಬ್ಬರನ್ನ ಹುಡುಕಬೇಕಾಗುತ್ತೆ."

"ನಮ್ಮಮ್ಮ ಕಣಪ್ಪಾ," ಎಂದ ಜೋಡಿ. ಕಂಬಿ ಹಿಡಿದು ಅಲ್ಲಾಡಿಸಿದ. "ನಮ್ಮಮ್ಮ ಕಣೋ."

"ಮೇಲೆ ಪೂಜೆಯವರು ಇರ್ತಾರೆ. ಒಂದೊಂದು ದಿನ ಆ ಕಡೆಯ ಹಾಡೀಲಿರೋ ತಮ್ಮ ಮನೆಗೆ ಇಳಿದು ಹೋಗಿರ್ತಾರೆ, ಅದನ್ನ ಮಾತ್ರ ನಾನು ಹೇಳಲಾರೆ." ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ವೈರ್‌ಲೆಸ್‌ನಲ್ಲಿ ಗೇಟಿನವನು ಅರಣ್ಯದವರನ್ನು ಕರೆದು ನೋಡಿದ. ಗೊರಗೊರ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಜೋಡಿ ಇದ್ದಕ್ಕಿದ್ದಂತೆ ಕಂಬಿಯ ಕೆಳಗೆ ನುಸುಳಿ ಓಡಿದ. ಡ್ರೈವರೂ ಗೇಟಿನವನೂ ಹಿಡಿದು ಎಳೆದು ತಂದರು. ಬಸ್ಸಿನೊಳಗಿಂದ ಯಾರೋ "ಬೆಳಿಗ್ಗೆ ಸಿಗ್ತಾರೆ ಬಿಡ್ರಿ, ನಮ್ಮ ಊಟದ ಗತಿ ಏನು?" ಎಂದರು. ತಿರುಗಿ ನೋಡಿದರೆ ಆ ಫೋಟೊದವನೇ. ನಾನು ಅವನಿಗೆ ಉಗಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಬಸ್ಸು ಉಳಿದವರನ್ನು ಹತ್ತಿಸಿಕೊಂಡು ವಸತಿಗೃಹಕ್ಕೆ ಹೋಯಿತು. ಅಜ್ಜಿ ಸಿಕ್ಕಾಗ ಜೊತೆಗೆ ಹೆಂಗಸೊಬ್ಬಳು ಇರಲಿ ಎಂದು ನಾನು ಗೇಟಿನವನ ಮನೆಯಲ್ಲಿ ಉಳಿದೆ. ಜೋಡಿ ಕಂಬಿಗೆ ಒರಗಿ ನೆಲದ ಮೇಲೆ ಕೂತಿದ್ದ. ಹೊದಿಯಲು ಕೊಟ್ಟರೆ ಬೇಡ ಎಂದ, ಅಮ್ಮನ ಶಾಲು ಇಲ್ಲೇ ಇದೆಯಲ್ಲ ಮೇಡಂ ಎಂದ. ಮಕ್ಕಳಿಗೆ ಬೈದು ಅಭ್ಯಾಸವೇ ಹೊರತು ಸಂತೈಸಿ ಗೊತ್ತಿಲ್ಲ ನನಗೆ.

"ಹೋದ ತಿಂಗಳು ಮನೇಲಿ ಜಗಳ ಆಯ್ತು," ಎಂದು ಅವನೇ ಶುರುಮಾಡಿದ. "ಹುಡುಗಿಗೆ ಓದೋಕೆ ಜಾಗ ಇಲ್ಲ. ನಾನು ಅರ್ಧ ತಿಂಗಳು ಬಸ್ಸಲ್ಲಿರ್ತೀನಿ, ಹೆಂಡತಿಗೆ ಆಸ್ಪತ್ರೆ ಪಾಳಿ. ಅಮ್ಮನ್ನ ಎಲ್ಲಾದ್ರೂ ಆಶ್ರಮದಲ್ಲಿ ಬಿಡೋಣ ಅಂದ್ಳು. ನಾನು ಆಗಲ್ಲ ಅಂತ ಹೇಳ್ಬೇಕಿತ್ತು ಮೇಡಂ. ನೋಡೋಣ ಅಂದೆ. ಅಮ್ಮ ಅಲ್ಲೇ ಮಂಚದ ಮೇಲೆ ಮಲಗಿದ್ರು. ನಿದ್ದೆ ಬಂದಿದೆ ಅಂದ್ಕೊಂಡಿದ್ವಿ."

ಬೆಳಕು ಹರಿಯುತ್ತಲೇ ಗೇಟಿನವನು ಅರಣ್ಯದ ಜೀಪು ತರಿಸಿದ. ದಾರಿಯಲ್ಲಿ ಆನೆಯ ಲದ್ದಿ ಹಸಿಯಾಗಿ ಬಿದ್ದಿತ್ತು, ಬಿದಿರು ಮುರಿದು ರಸ್ತೆಗೆ ಅಡ್ಡ ಹಾಕಿತ್ತು. ಅವನು ಅದನ್ನೆಲ್ಲ ನೋಡುತ್ತಿದ್ದ. ನಾನು ಅವನನ್ನು ನೋಡಲಾರದೆ ಆ ಕಡೆ ಮುಖ ಮಾಡಿದೆ.

ಗುಡಿಯ ಅಂಗಳದಲ್ಲಿ ಕಸ ಗುಡಿಸುವ ಸದ್ದು. ಉದುರಿದ ಎಲೆಗಳನ್ನು ಒಂದು ಕಡೆ ಗುಡ್ಡೆ ಹಾಕುತ್ತ, ಸೊಂಟ ಬಗ್ಗಿಸಿ ನಿಂತಿದ್ದರು ಅಜ್ಜಿ. ಚೆನ್ನಾಗಿಯೇ ಇದ್ದರು, ಒಂದು ಗಾಯವೂ ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಜೋಡಿ ಓಡಿಹೋಗಿ ಅವರ ಕಾಲು ಹಿಡಿದುಕೊಂಡ.

ಪೂಜೆಯವರು ಒಳಗಿನಿಂದ ಬಂದವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀವೇನಾ ಮಗ? ಬೇಡ ಬೇಡ ಅಂದ್ರೂ ಕೇಳ್ದೆ ಗುಡಿಸ್ತಿದ್ದಾರೆ. ಸುಮ್ನೆ ಕೂತು ಉಣ್ಣೋಳಲ್ಲ, ಏನಾದ್ರೂ ಕೆಲಸ ಮಾಡ್ಕೊಂಡು ಇಲ್ಲೇ ಇರ್ತೀನಿ ಅಂದ್ರು. ಹೀಗೆ ಬಿಟ್ಟು ಹೋಗೋರನ್ನ ನಾವು ಹಿಂದೆಯೂ ನೋಡಿದ್ದೀವಿ."

"ಅವನನ್ನ ಬೈಬೇಡಿ," ಎಂದರು ಅಜ್ಜಿ. ಮಗನ ತಲೆಯ ಮೇಲೆ ಕೈಯಿಟ್ಟರು. "ನಿನ್ನೆಯಿಂದ ಹೇಳ್ತಾನೇ ಇದ್ದೀನಿ ಇವರಿಗೆ, ನನ್ನ ಮಗ ಅಂಥವನಲ್ಲ, ಮನೇಲಿ ಜಾಗ ಇಲ್ಲ ಅಷ್ಟೇ ಅಂತ. ನೀನು ಒಂದು ಮಾತು ಮೊದಲೇ ಹೇಳಿದ್ರೆ ಇನ್ನೆರಡು ಜೊತೆ ಬಟ್ಟೆ ತರ್ತಿದ್ದೆ ಕಣೋ. ಬಿಪಿ ಮಾತ್ರೇನೂ ಬಸ್ಸಲ್ಲೇ ಉಳೀತು."

"ಇಲ್ಲಮ್ಮಾ! ಮರೆತೆ ಕಣಮ್ಮಾ! ನಿನ್ನ ಪಕ್ಕ ಯಾರೂ ಇರ್ಲಿಲ್ಲ, ಜೋಡಿ ಇರ್ಲಿಲ್ಲ, ಅದಕ್ಕೆ..." ಬಿಕ್ಕುತ್ತ ಅವನು ತನ್ನ ಲೆಕ್ಕವನ್ನೆಲ್ಲ ಹೇಳಿದ. ಫೋಟೊದವನ ಕಾಲು, ಹಿಂದಿನ ಸೀಟು, ಡ್ರೈವರ್ ಅಂದುಕೊಂಡದ್ದು, ಎಲ್ಲ. ಹೇಳುತ್ತ ಹೋದಷ್ಟೂ ಅದು ಸುಳ್ಳಿನ ಹಾಗೇ ಕೇಳುತ್ತಿತ್ತು. ನಿಜ ಗೊತ್ತಿದ್ದ ನನಗೇ ಹಾಗೆ ಕೇಳಿತು.

"ಆಯ್ತು ಬಿಡು," ಎಂದರು ಅವರು, ಮಗುವಿಗೆ ಹೇಳುವ ಹಾಗೆ. "ಹಾರ್ನ್ ಕೇಳಿಸ್ತು. ಎದ್ದು ಬರಬಹುದಿತ್ತು. ನೀನೇ ಬರ್ತೀನಿ ಅಂದಿದ್ಯಲ್ಲ, ನಾನಾಗಿ ಎದ್ದು ಬಂದು ನಿನ್ನನ್ನ ಕಷ್ಟಕ್ಕೆ ಸಿಕ್ಕಿಸೋದು ಬೇಡ ಅನ್ನಿಸ್ತು."

ಜೀಪಿನಲ್ಲಿ ಅವನು ಮುಂದೆ ಕೂತ. ಅಜ್ಜಿ ಹಿಂದೆ ನನ್ನ ಪಕ್ಕದಲ್ಲಿ. ಸ್ವಲ್ಪ ದೂರ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಅವನಿಗೆ ಕೇಳದಿರಲೆಂದು ಮೆಲ್ಲಗೆ ಕೇಳಿದರು:

"ನಿಜ ಹೇಳಿ ತಾಯಿ. ಇವನಾಗೇ ವಾಪಸ್ ಬಂದನಾ, ನೀವೆಲ್ಲ ಸೇರಿ ಬೈದು ಕಳಿಸಿದ್ರಾ?"

"ಅವನಾಗೇ ಬಂದ," ಎಂದೆ. "ನನ್ನಾಣೆ. ಬೆಳಗಿನವರೆಗೂ ಆ ಗೇಟಿನ ಹತ್ತಿರವೇ ಕೂತಿದ್ದ."

ಅವರು ನನ್ನ ಕೈಯನ್ನು ಎರಡು ಸಲ ತಟ್ಟಿದರು. "ನೀವು ಒಳ್ಳೆಯವರಮ್ಮ," ಎಂದು ಹೇಳಿ ಕಾಡಿನ ಕಡೆ ತಿರುಗಿ ಕೂತರು. ಮುಂದಿನ ಸೀಟಿನಲ್ಲಿ ಅವನ ಬೆನ್ನು ನಡುಗುತ್ತಿತ್ತು. ಅವನಿಗೆ ಎಲ್ಲ ಕೇಳಿಸಿತ್ತು.